ಡ್ರೋನ್ ಯಂತ್ರದಲ್ಲಿ ದೋಷಾನುಮಾನ

ಬೀದರ ಜಿಲ್ಲೆಯ ಹಲಬರ್ಗಾ, ಭಾಲ್ಕಿ, ಔರಾದಗಳ ಸೀಮೆಯಲ್ಲಿ ತೊಗರಿಯು ಮುಖ್ಯವಾದೊಂದು ಬೆಳೆಯೆಂಬುದು ವಿದಿತವೇ ಆಗಿದೆ. ಹೂಬಿಡುವ ವೇಳೆಗೆ ಅದು ಆಳೆತ್ತರವಾಗುವುದರಿಂದ ಬೆನ್ನಿಗೆ ಪಂಪು ಕಟ್ಟಿಕೊಂಡು ಸಾಲುಗಳೊಳಗೆ ನುಗ್ಗಿ ಔಷಧ ಹೊಡೆಯುವುದು ಕಷ್ಟ. ಕಾಯಿಕೊರಕದ ಬಾಧೆಯೂ ಆ ಕಾಲದಲ್ಲಿಯೇ ಅಧಿಕ. ಇಂತಹ ಬೆಳೆಗಳಿಗೆ ಔಷಧ ಸಿಂಪಡಿಸಲು ಈಗ ಡ್ರೋನೆಂಬ ಯಂತ್ರವು ಬಳಕೆಗೆ ಬಂದಿರುವುದು. ಸುಮಾರು 10 ಲೀಟರು ದ್ರವವನ್ನು ಹೊತ್ತು ಹಾರುವ ಯಂತ್ರವು ಹೊಲದಲ್ಲಿರುವವರ ಮೇಲೆ ಬಿದ್ದರೆ ಅನರ್ಥವೇ ಸರಿ. ತನ್ನ ಅಂಗವೊಂದು ಕೆಟ್ಟುದನ್ನು ಅದು ಹೇಗೆ ಅರಿಯುವುದೆಂಬುದನ್ನು ಇಲ್ಲಿ ವಿಚಾರಿಸುವೆವು.

ಆಕಾಶಯಂತ್ರವೆಂದೊಡನೆ ನಮ್ಮ ಸಂಸ್ಕೃತಜ್ಞರಲ್ಲಿ ಕೆಲವರು ‘ವೈಮಾನಿಕ ಶಾಸ್ತ್ರ’ವನ್ನು ಮುಂದಿಡುವುದುಂಟು. ಅದು ಇಪ್ಪತ್ತನೆಯ ಶತಮಾನದ ರಚನೆಯೆಂದೂ ಅದರಲ್ಲಿ ವರ್ಣಿತವಾದ ವಿಮಾನಗಳು ಹಾರಲಾರವೆಂದೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು 1974ರಲ್ಲಿ ತೋರಿಸಿರುವರು. ಡ್ರೋನನ್ನು ತಿಳಿಯಲು ನಮಗೆ ನೆರವಾಗತಕ್ಕುದು ಅದಲ್ಲ, ನ್ಯಾಯಶಾಸ್ತ್ರ.

ನಾಲ್ಕು ರೆಕ್ಕೆಯ ಡ್ರೋನಿನಲ್ಲಿ ಎರಡು ಪ್ರದಕ್ಷಿಣವಾಗಿಯೂ ಎರಡು ಅಪ್ರದಕ್ಷಿಣವಾಗಿಯೂ ತಿರುಗುವುವು. ಆದುದರಿಂದಲೇ ಒಡಲು ಗಿರಗಿರನೆ ಸುತ್ತದೆ ನಿಲ್ಲುವುದು. ಹಿಂದಿನವುಗಳ ವೇಗ ಹೆಚ್ಚಿದರೆ ಯಂತ್ರವು ಮುಂದಕ್ಕೆ ಬಾಗಿ ಸಾಗುವುದು. ಬಾಗಿದುದೆಷ್ಟೆಂದು ತಿಳಿಸಲು ಎರಡು ಸಾಧನಗಳಿವೆ. ತಿರುಗುವಿಕೆಯ ವೇಗವನ್ನು ಅಳೆಯುವ ಗೈರೊಸ್ಕೋಪು ಕ್ಷಣಮಾತ್ರಕ್ಕೆ ನಂಬುಗೆಯದು, ಕಾಲ ಕಳೆದಂತೆ ಅದರ ತಪ್ಪು ಬೆಳೆಯುವುದು. ಗುರುತ್ವದ ದಿಕ್ಕನ್ನು ಸೂಚಿಸುವ ಆಕ್ಸೆಲೆರೋಮೀಟರು ಕಂಪನದಿಂದ ಕದಡುವುದಾದರೂ ದೀರ್ಘಕಾಲದಲ್ಲಿ ದಾರಿ ತಪ್ಪದು. ಗಣಿತವು ಎರಡರ ಸಾಕ್ಷ್ಯವನ್ನೂ ಕೂಡಿಸಿಕೊಳ್ಳುವುದು.

ಕೊಟ್ಟ ಆಜ್ಞೆಗೆ ಯಂತ್ರವು ಹೇಗೆ ಚಲಿಸಬೇಕೆಂದು ಲೆಕ್ಕ ಹಾಕಿ, ಚಲಿಸಿದ ಬಗೆಯನ್ನು ಅದಕ್ಕೆ ಹೋಲಿಸಿದರೆ ಉಳಿಯುವ ಅಂತರವೇ ಶೇಷ. ‘ಶೇಷವಿರುವುದರಿಂದ ದೋಷವಿದೆ’ ಎಂದರೆ ಸಾಲದು. ಏಕೆಂದರೆ ಬಿರುಗಾಳಿಯಿಂದಲೂ ಶೇಷವು ಹುಟ್ಟುವುದು. ತಾರ್ಕಿಕರ ಮಾತಿನಲ್ಲಿ ಈ ಹೇತು ಸಾಧಾರಣ, ವಿಪಕ್ಷದಲ್ಲಿಯೂ ಇರತಕ್ಕುದು. ಆದುದರಿಂದ ಗಾಳಿಯಲ್ಲಿಲ್ಲದ ಹೇತುವನ್ನು ಹುಡುಕಬೇಕು. ರೆಕ್ಕೆ ಮುರಿದರೆ ಗಾಳಿಯ ತಡೆ ತಗ್ಗಿ, ಅದೇ ವೇಗಕ್ಕೆ ಮೋಟಾರು ಸೆಳೆಯುವ ವಿದ್ಯುತ್ತು ಇಳಿಯುವುದು. ಬೇರಿಂಗು ಸವೆದರೆ ಏರುವುದು. ತೂಕ ತಪ್ಪಿದ ರೆಕ್ಕೆಯು ತಾನು ಸುತ್ತುವ ಲಯದಲ್ಲಿಯೇ ಒಡಲನ್ನು ನಡುಗಿಸುವುದು. ಬಿರುಗಾಳಿಗೆ ಅಂತಹ ನಿಯತ ಲಯವಿಲ್ಲ.

ದೋಷವನ್ನರಿತ ಮೇಲೆ ಆರು ಅಥವಾ ಎಂಟು ರೆಕ್ಕೆಗಳಿದ್ದರೆ ಉಳಿದವು ಭಾರವನ್ನು ಹಂಚಿಕೊಳ್ಳಬಲ್ಲವು. ನಾಲ್ಕೇ ಇದ್ದಲ್ಲಿ ಏನು ಗತಿ? ಜ್ಯೂರಿಕ್ ನಗರದ ತಾಂತ್ರಿಕ ವಿದ್ಯಾಲಯದಲ್ಲಿ ಮಾರ್ಕ್ ಮ್ಯೂಲರ್ ಮತ್ತು ರಫಾಯೆಲ್ಲೊ ಡಿ’ಆಂಡ್ರಿಯಾ ಎಂಬವರು, ಒಂದು ರೆಕ್ಕೆ ಹೋದರೂ ಒಡಲನ್ನು ಬುಗುರಿಯಂತೆ ಸುತ್ತಲು ಬಿಟ್ಟು ಸ್ಥಾನವನ್ನು ಹಿಡಿದಿಡಬಹುದೆಂದು 2014ರಲ್ಲಿ ಪ್ರಯೋಗದಿಂದ ತೋರಿಸಿದರು.

ಔಷಧದ ಡ್ರೋನಿನಲ್ಲಿ ಇನ್ನೊಂದು ತೊಡಕುಂಟು. ದ್ರವವು ಖರ್ಚಾದಂತೆಲ್ಲ ಯಂತ್ರವು ಹಗುರಾಗುವುದರಿಂದ ಅದೇ ಎತ್ತರಕ್ಕೆ ಕಡಿಮೆ ವಿದ್ಯುತ್ತು ಸಾಕಾಗುವುದು. ಈ ಇಳಿತವನ್ನು ಲೆಕ್ಕಕ್ಕೆ ಮೊದಲೇ ಸೇರಿಸದಿದ್ದರೆ, ಟ್ಯಾಂಕು ಬರಿದಾದುದನ್ನೇ ರೆಕ್ಕೆ ಮುರಿದುದೆಂದು ಯಂತ್ರವು ಭ್ರಮಿಸೀತು.