ರೈಸ್ ಮನೆತನದ ಜಾಡು: ಬೆಂಗಳೂರಿನ ಇಂಗ್ಲಿಷ್ ಕುಟುಂಬಗಳ ವಂಶಶೋಧ

ವಸಾಹತು ಕಾಲದಲ್ಲಿ ಕನ್ನಡನಾಡಿಗೆ ಬಂದು ನೆಲೆಸಿದ ಇಂಗ್ಲಿಷ್ ಕುಟುಂಬದ ವಂಶಾವಳಿ ಕಟ್ಟಲು ಮುಖ್ಯ ಆಧಾರಗಳು ಮೂರು: ಚರ್ಚಿನ ದಾಖಲೆ ಪುಸ್ತಕ, ಸಮಾಧಿಯ ಕಲ್ಲು, ನೌಕರಿಯ ಕಡತ. ಇವು ಒಂದಕ್ಕೊಂದು ಹೊಂದಿದಾಗ ಮಾತ್ರ ಒಂದು ತಲೆಮಾರು ಖಚಿತವಾಗುತ್ತದೆ. ನಮ್ಮ ಒಕ್ಕಲು ಮನೆತನಗಳಿಗೆ ಎತ್ತಿನ ಮೇಲೆ ಬಂದು ವಂಶ ಹೇಳುವ ಹೆಳವರಿದ್ದರು. ಈ ಕುಟುಂಬಗಳಿಗೆ ಕಾಗದವೇ ಹೆಳವ.

ಬೆಂಗಳೂರಿನಲ್ಲಿ 1809ರಲ್ಲಿ ದಂಡು ನೆಲೆಯೂರಿದ ಮೇಲೆ ಇಂಥ ಕಾಗದ ಹೇರಳವಾಯಿತು. ಪಾದ್ರಿಗಳು ಬರೆದಿಟ್ಟ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರದ ವಿವರಗಳ ನಕಲು ಮದರಾಸಿನ ಮೂಲಕ ಲಂಡನ್ನಿಗೆ ಹೋಗುತ್ತಿತ್ತು. 1698ರಿಂದ ಆರಂಭವಾಗುವ ಮದರಾಸಿನ ಆ ನಕಲುಗಳು ಈಗ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ‘ಎನ್/2’ ಎಂಬ ಗುರುತಿನಡಿ ಇವೆ. ಈ ಬಗೆಯ ಹುಡುಕಾಟಕ್ಕೆಂದೇ 1998ರಲ್ಲಿ ‘ಫ್ಯಾಮಿಲೀಸ್ ಇನ್ ಬ್ರಿಟಿಷ್ ಇಂಡಿಯಾ ಸೊಸೈಟಿ’ ಹುಟ್ಟಿತು. ಅದರ ಹೆಸರುಪಟ್ಟಿಗಳಿಂದಾಗಿ ಬೆಂಗಳೂರಿನ ವಿದ್ಯಾರಣ್ಯಪುರದ ಮನೆಯಲ್ಲಿ ಕೂತವರೂ ಈ ಕೆಲಸ ಶುರುಮಾಡಬಹುದು.

ಕನ್ನಡ ಓದುಗರಿಗೆ ಅತ್ಯಂತ ಹತ್ತಿರದ ಉದಾಹರಣೆ ರೈಸ್ ಮನೆತನ. ಲಂಡನ್ ಮಿಷನರಿ ಸೊಸೈಟಿಯ ಪಾದ್ರಿ ಬೆಂಜಮಿನ್ ಹೋಲ್ಟ್ ರೈಸ್ 1830ರ ದಶಕದಲ್ಲಿ ಬೆಂಗಳೂರಿಗೆ ಬಂದರು. ಸುಮಾರು ಐದು ದಶಕ ಇಲ್ಲೇ ದುಡಿದು 1887ರಲ್ಲಿ ಇಲ್ಲೇ ತೀರಿಕೊಂಡರು. ಪೇಟೆಯಲ್ಲಿ ಕನ್ನಡ ಹೆಣ್ಣುಮಕ್ಕಳಿಗೆ ಶಾಲೆ ತೆರೆದವರಲ್ಲಿ ಅವರ ಪತ್ನಿಯೂ ಒಬ್ಬರು. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಮಗ ಬೆಂಜಮಿನ್ ಲೂಯಿಸ್ ರೈಸ್. ನಾವು ‘ಶಾಸನ ಪಿತಾಮಹ’ ಎಂದು ನೆನೆಯುವ ಬಿ.ಎಲ್. ರೈಸ್ ಅವರೇ. ಇಂಗ್ಲೆಂಡಿನಲ್ಲಿ ಓದಿ 1860ರಲ್ಲಿ ಬೆಂಗಳೂರು ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿ ಮರಳಿದರು. ಆ ಶಾಲೆಯೇ ಮುಂದೆ ಸೆಂಟ್ರಲ್ ಕಾಲೇಜ್ ಆಯಿತು. ಅದನ್ನು ಕಟ್ಟಿದ ಜಾನ್ ಗ್ಯಾರೆಟ್ ವೆಸ್ಲಿಯನ್ ಪಾದ್ರಿ, ಮೈಸೂರು ಸೀಮೆಯ ಮೊದಲ ವಿದ್ಯಾ ಇಲಾಖೆ ನಿರ್ದೇಶಕ. ಅವರ ಮಗಳು ಮೇರಿ ಸೋಫಿಯಾಳನ್ನು ಲೂಯಿಸ್ ಮದುವೆಯಾದರು. ಲೂಯಿಸರ ತಮ್ಮ ಎಡ್ವರ್ಡ್ ಪೀಟರ್ ರೈಸ್ ತಂದೆಯ ಹಾದಿ ಹಿಡಿದು ಪಾದ್ರಿಯಾದರು, 1915ರಲ್ಲಿ ಕನ್ನಡ ಸಾಹಿತ್ಯ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಹೊರತಂದರು, ತಂದೆಯ ಜೀವನಚರಿತ್ರೆಯನ್ನೂ ಬರೆದರು. ಎರಡೇ ತಲೆಮಾರಿನಲ್ಲಿ ಒಂದು ಮನೆತನ ಕನ್ನಡಕ್ಕೆ ಇಷ್ಟು ಮಾಡಿದ್ದು ಅಪರೂಪ.

ಈ ವಂಶಾವಳಿ ಕಟ್ಟುವವರು ಎಡವುವ ಜಾಗಗಳಿವೆ. ತಂದೆ ಮಗ ಇಬ್ಬರ ಹೆಸರೂ ಬೆಂಜಮಿನ್ ಆದ್ದರಿಂದ ‘ಬಿ. ರೈಸ್’ ಎಂದಷ್ಟೇ ಇರುವ ದಾಖಲೆ ಯಾರದೆಂದು ತಿಳಿಯಬೇಕಾದರೆ ಅದರ ವರ್ಷವನ್ನೂ ಹುದ್ದೆಯನ್ನೂ ನೋಡಬೇಕು. ಇನ್ನು, ಈ ಪಾದ್ರಿಗಳು ಆಂಗ್ಲಿಕನ್ ಚರ್ಚಿಗೆ ಸೇರಿದವರಲ್ಲ. ಅವರ ಮನೆಯ ಸಂಗತಿ ದಂಡಿನ ಚರ್ಚುಗಳ ಪುಸ್ತಕಕ್ಕಿಂತ ಮಿಷನ್ ಪತ್ರಗಳಲ್ಲಿ ಹೆಚ್ಚು ಸಿಗುತ್ತದೆ. ಅದೃಷ್ಟಕ್ಕೆ ಲಂಡನ್ ಮಿಷನ್, ವೆಸ್ಲಿಯನ್ ಮಿಷನ್ ಎರಡರ ಕಾಗದಪತ್ರಗಳೂ ಈಗ ಲಂಡನ್ನಿನ ಸೋಆಸ್ ಗ್ರಂಥಾಲಯದಲ್ಲಿವೆ. ಬೀಗರಿಬ್ಬರ ಕಾಗದವೂ ಒಂದೇ ಸೂರಿನಡಿ. ಲೂಯಿಸರಂಥ ಸರ್ಕಾರಿ ಅಧಿಕಾರಿಗಳ ನೌಕರಿಯ ಹೆಜ್ಜೆ ಹಿಡಿಯಲು ಮೈಸೂರು ಸರ್ಕಾರದ ಹಳೆಯ ಕಡತಗಳಿರುವ ಕರ್ನಾಟಕ ರಾಜ್ಯ ಪತ್ರಾಗಾರಕ್ಕೆ ಹೋಗಬೇಕು.

ಲಿಖಿತ ದಾಖಲೆ ಎಂದ ಮಾತ್ರಕ್ಕೆ ಅದು ನಿಜವೇ ಎಂಬ ಪ್ರಶ್ನೆಯನ್ನು ಲೂಯಿಸ್ ರೈಸ್ ತಾವೇ ಎದುರಿಸಿದ್ದರು. ‘ಎಪಿಗ್ರಾಫಿಯಾ ಕರ್ನಾಟಿಕ’ದ 12 ಸಂಪುಟಗಳಲ್ಲಿ ಅವರು ಸುಮಾರು 9,000 ಶಾಸನಗಳನ್ನು ಬೆಳಕಿಗೆ ತಂದರು. ಗಂಗರ ತಾಮ್ರಪಟಗಳನ್ನು ನಂಬಿ ರೈಸ್ ಆ ಅರಸರ ವಂಶಾವಳಿ ಕಟ್ಟಿದಾಗ ಶಾಸನತಜ್ಞ ಜೆ.ಎಫ್. ಫ್ಲೀಟ್ ಆ ಪಟಗಳೇ ಖೊಟ್ಟಿ ಎಂದು ವಾದಿಸಿದರು. ಆ ವಾದ ವರ್ಷಗಟ್ಟಲೆ ನಡೆಯಿತು. ಅರಸು ಮನೆತನಕ್ಕೆ ಬೇಕಾದ ಈ ಎಚ್ಚರ ಪಾದ್ರಿಯ ಮನೆತನಕ್ಕೂ ಬೇಕು: ಒಂದೇ ದಾಖಲೆಯ ಮೇಲೆ ವಂಶ ನಿಲ್ಲಿಸಬಾರದು.

ದಾಖಲೆಗಳ ಮೌನವನ್ನೂ ಗಮನಿಸಬೇಕು. ಇಂಗ್ಲಿಷ್ ಸಿಪಾಯಿಗಳು, ಅಧಿಕಾರಿಗಳು ಇಲ್ಲಿನ ಹೆಂಗಸರೊಡನೆ ಸಂಸಾರ ಮಾಡಿದ್ದರು. ಎಷ್ಟೋ ಕಡೆ ಮಗುವಿನ ದೀಕ್ಷಾಸ್ನಾನದ ಸಾಲಿನಲ್ಲಿ ತಂದೆಯ ಹೆಸರು ಹುದ್ದೆಯ ಸಮೇತ ಇದೆ, ತಾಯಿಯ ಹೆಸರೇ ಇಲ್ಲ. ಹೀಗೆ ಅರ್ಧ ವಂಶವೇ ಅಳಿಸಿಹೋಗಿರುವುದು ಈ ಶೋಧದ ಅತಿ ನೋವಿನ ಭಾಗ. ಇಂಥ ಮಿಶ್ರ ಕುಟುಂಬಗಳಿಗಾಗಿ ಡಿ.ಎಸ್. ವೈಟ್ ಶ್ರಮಿಸಿದರು, 1882ರಲ್ಲಿ ಚಾಮರಾಜ ಒಡೆಯರು ಕೊಟ್ಟ 3,900 ಎಕರೆ ನೆಲದಲ್ಲಿ ಅವರ ಹೆಸರಿನ ವೈಟ್‌ಫೀಲ್ಡ್ ಎದ್ದಿತು.

ಕಲ್ಲುಗಳಿಗೆ ಕಾಗದದಷ್ಟು ಆಯುಸ್ಸು ಸಿಕ್ಕಿಲ್ಲ. ಬೆಂಗಳೂರಿನ 1791ರ ಮುತ್ತಿಗೆಯಲ್ಲಿ ಸತ್ತ ಇಂಗ್ಲಿಷರ ನೆನಪಿನ ಸ್ತಂಭವನ್ನು 1964ರಲ್ಲಿ ಕೆಡವಲಾಯಿತು. ವಸಾಹತು ನೆನಪನ್ನು ತೊಡೆಯಬೇಕೆಂಬ ಆ ಕಾಲದ ಒತ್ತಾಯ ಅರ್ಥವಾಗುವಂಥದ್ದೇ. ದಕ್ಷಿಣ ಏಷ್ಯಾದ ಇಂಥ ಸಮಾಧಿಗಳ ಬರಹವನ್ನು ದಾಖಲಿಸಲು 1976ರಲ್ಲಿ ಲಂಡನ್ನಿನಲ್ಲಿ ‘ಬಾಕ್ಸಾ’ ಎಂಬ ಸಂಘ ಹುಟ್ಟಿತು. ಹಿರಿಯ ರೈಸರ ಹೆಸರು ಅವೆನ್ಯೂ ರಸ್ತೆಯ ರೈಸ್ ಮೆಮೋರಿಯಲ್ ಚರ್ಚಿನಲ್ಲಿ ಉಳಿದಿದೆ. ಹಳೆಯ ಕನ್ನಡ ಪ್ರಾರ್ಥನಾಲಯವಿದ್ದ ಜಾಗದಲ್ಲಿ ಅದು 1917ರಲ್ಲಿ ಸಿದ್ಧವಾಯಿತು. ಮಗ ಲೂಯಿಸ್ ರೈಸ್ 1927ರಲ್ಲಿ ಲಂಡನ್ನಿನ ಹ್ಯಾರೋದಲ್ಲಿ ತೀರಿಕೊಂಡರು.

ಹಳೆಯ ಸಮಾಧಿಕಲ್ಲು ಕಂಡವರು ಅದನ್ನು ಉಜ್ಜುವುದಾಗಲಿ ಸುಣ್ಣ ಬಳಿಯುವುದಾಗಲಿ ಮಾಡಬಾರದು. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಲ್ಲಿ ಚಿತ್ರ ತೆಗೆದು, ಅಕ್ಷರಗಳನ್ನು ಇದ್ದಂತೆಯೇ ಬರೆದುಕೊಂಡು, ಒಂದು ಪ್ರತಿಯನ್ನು ಆ ಚರ್ಚಿಗೆ ಕೊಡಬೇಕು.