ಜೀವನಾಂಶದ ಬಾಕಿ: ಸಂಬಳದಲ್ಲಿ ಮಗುವಿನ ಪಾಲೆಷ್ಟು?

ತಾಯಿ, ಮಗು ಕಾಸರಗೋಡಿನಲ್ಲಿ. ತಂದೆಯ ನೌಕರಿ ಬೆಂಗಳೂರಿನಲ್ಲಿ. ನ್ಯಾಯಾಲಯವು ವಿಧಿಸಿದ ಜೀವನಾಂಶ ತಿಂಗಳುಗಳಿಂದ ಬಂದಿಲ್ಲ. ಆತನ ಸಂಬಳವನ್ನು ಮುಟ್ಟಲಾಗದೇ? ಮುಟ್ಟಬಹುದು, ಮಿತಿಯೊಳಗೆ.

ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮಿನಂತೆ, ಸಾಮಾನ್ಯ ಸಾಲದ ಡಿಕ್ರಿಗೆ ಸಂಬಳದ ಮೊದಲ 1,000 ರೂಪಾಯಿಯೂ ಉಳಿದುದರ ಮೂರರಲ್ಲಿ ಎರಡು ಪಾಲೂ ಜಪ್ತಿಯಿಂದ ಮುಕ್ತ. ಜೀವನಾಂಶದ ಡಿಕ್ರಿಗಾದರೋ ಮುಕ್ತವಾಗಿರುವುದು ಮೂರರಲ್ಲಿ ಒಂದೇ ಪಾಲು. 30,000 ರೂಪಾಯಿ ಸಂಬಳದಲ್ಲಿ 10,000 ದುಡಿದವನ ಹೊಟ್ಟೆಪಾಡಿಗೆ. ಉಳಿದ 20,000ದವರೆಗೆ ಬಾಕಿಗಾಗಿ ಜಪ್ತಿಯಾಗಬಹುದು.

ಮ್ಯಾಜಿಸ್ಟ್ರೇಟರ ಜೀವನಾಂಶದ ಆದೇಶವನ್ನೂ ಸಿವಿಲ್ ಡಿಕ್ರಿಯಂತೆ ಜಾರಿಗೊಳಿಸಬಹುದೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ಹೇಳಿದೆ. ಕಾಯ್ದೆ ಕೇಂದ್ರದ್ದಾದುದರಿಂದ ರಾಜ್ಯದ ಗಡಿ ಅಡ್ಡಿಯಾಗದು. ಮ್ಯಾಜಿಸ್ಟ್ರೇಟರಿಂದ ವಾರಂಟು ಪಡೆಯಲು ಮಾತ್ರ ಬಾಕಿಯಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಬೇಕು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಸ್ತ್ರೀಯರಿಗೂ ಮಕ್ಕಳಿಗೂ ವಕೀಲರ ನೆರವು ಉಚಿತ. ಮಗುವಿನ ಶಾಲೆಯ ಖರ್ಚು ಕಾಯುವುದಿಲ್ಲ, ತಾಯಂದಿರೂ ಕಾಯಬಾರದು.