ಹೆಸರು ಹೊಲಿದ ಕೌದಿ



ಕೌದಿ ನಮಗೆಲ್ಲ ಗೊತ್ತು. ಹಳೆಯ ಸೀರೆ, ಧೋತರ, ಮಕ್ಕಳ ಅಂಗಿ ಎಲ್ಲ ಸೇರಿಸಿ ಹೊಲಿಯುತ್ತೇವೆ. ಒಂದೊಂದು ತುಂಡು ನೋಡಿದಾಗ ಒಬ್ಬೊಬ್ಬರ ನೆನಪು ಬರುತ್ತದೆ. "ಇದು ಅವ್ವನ ಸೀರೆ, ಇದು ಅಜ್ಜನ ಧೋತರ" ಅಂತ ಹೇಳುತ್ತೇವೆ. ಉಟ್ಟವರು ಹೋದರೂ ಬಟ್ಟೆ ಉಳಿದಿರುತ್ತದೆ.

ದೂರದ ಅಮೆರಿಕ ದೇಶದಲ್ಲೂ ಕೌದಿ ಹೊಲಿಯುತ್ತಾರೆ. ಸತ್ತವರ ನೆನಪಿಗಾಗಿಯೇ ಹೊಲಿದ ಒಂದು ಭಾರಿ ಕೌದಿ ಅಲ್ಲಿದೆ. ಅದರ ವಿಷಯ ತಿಳಿಯೋಣ ಬನ್ನಿ.

ಹೆಸರು ಹೇಳದ ಸಾವು

1981ರಲ್ಲಿ ಅಮೆರಿಕದಲ್ಲಿ ಒಂದು ಹೊಸ ರೋಗ ಕಾಣಿಸಿತು. ಅದೇ ಏಡ್ಸ್. ಆಗ ಅದಕ್ಕೆ ಔಷಧಿ ಇರಲಿಲ್ಲ. ವಯಸ್ಸಿನ ಹುಡುಗರು ಸಾಯತೊಡಗಿದರು. ಗಂಡಸರನ್ನೇ ಪ್ರೀತಿಸುವ ಗಂಡಸರು ಅವರಲ್ಲಿ ಹೆಚ್ಚು ಇದ್ದರು. ಸಮಾಜ ಅವರನ್ನು ಮೊದಲೇ ದೂರ ಇಟ್ಟಿತ್ತು. ಈಗ ಹೆಣ ಮುಟ್ಟಲೂ ಜನ ಹೆದರಿದರು. ಎಷ್ಟೋ ಮನೆಯವರು ನಾಚಿಕೆಯಿಂದ ಸತ್ತ ಮಗನ ಹೆಸರೂ ಎತ್ತಲಿಲ್ಲ.

ಸ್ಯಾನ್ ಫ್ರಾನ್ಸಿಸ್ಕೋ ಎಂಬ ಊರಿನಲ್ಲಿ ಕ್ಲೀವ್ ಜೋನ್ಸ್ ಎಂಬುವರು ಇದ್ದರು. 1985ರಲ್ಲಿ ಅಲ್ಲಿ ಒಂದು ಮೆರವಣಿಗೆ ನಡೆಯಿತು. ಸತ್ತ ಗೆಳೆಯರ ಹೆಸರನ್ನು ರಟ್ಟಿನ ಮೇಲೆ ಬರೆಯಿರಿ ಅಂತ ಅವರು ಜನರಿಗೆ ಹೇಳಿದರು. ಆ ರಟ್ಟುಗಳನ್ನು ಸರಕಾರಿ ಕಟ್ಟಡದ ಗೋಡೆಗೆ ಅಂಟಿಸಿದರು. ದೂರದಿಂದ ನೋಡಿದರೆ ಗೋಡೆ ಕೌದಿಯ ಹಾಗೆ ಕಂಡಿತು!

ಮೂರು ಅಡಿ, ಆರು ಅಡಿ

1987ರಲ್ಲಿ ಜೋನ್ಸ್ ತಮ್ಮ ಗೆಳೆಯನ ಹೆಸರಿನಲ್ಲಿ ಮೊದಲ ತುಂಡು ಮಾಡಿದರು. ಅಗಲ 3 ಅಡಿ, ಉದ್ದ 6 ಅಡಿ. ಯಾಕೆ ಇಷ್ಟೇ ಅಳತೆ ಗೊತ್ತಾ? ಒಬ್ಬ ಮನುಷ್ಯನ ಸಮಾಧಿಯ ಅಳತೆ ಅಷ್ಟೇ.

ಆಮೇಲೆ ತಾಯಂದಿರು ಬಂದರು. ಅಕ್ಕತಂಗಿಯರು, ಗೆಳೆಯರು ಬಂದರು. ಸತ್ತವರ ಹೆಸರನ್ನು ಬಟ್ಟೆಯ ಮೇಲೆ ಹೊಲಿದರು. ಅವರ ಅಂಗಿ, ಫೋಟೊ, ಆಟದ ಗೊಂಬೆ ಎಲ್ಲವನ್ನೂ ಸೇರಿಸಿ ಹೊಲಿದರು. ಇಂಥ 8 ತುಂಡು ಸೇರಿಸಿದರೆ 12 ಅಡಿಯ ಒಂದು ಚೌಕ ಆಗುತ್ತದೆ.

1987ರ ಅಕ್ಟೋಬರ್ 11ರಂದು ರಾಜಧಾನಿ ವಾಷಿಂಗ್ಟನ್‌ನಲ್ಲಿ ಕೌದಿಯನ್ನು ಹಾಸಿದರು. ಆಗ ಅದರಲ್ಲಿ 1,920 ತುಂಡು ಇದ್ದವು. ಸತ್ತವರ ಹೆಸರುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದರು. ಮುಚ್ಚಿಟ್ಟ ಹೆಸರುಗಳು ಊರೆಲ್ಲ ಕೇಳಿದವು. ಈಗ ಅದರಲ್ಲಿ ಸುಮಾರು 50,000 ತುಂಡುಗಳಿವೆ. ಒಂದು ಲಕ್ಷಕ್ಕೂ ಹೆಚ್ಚು ಹೆಸರುಗಳಿವೆ. ತೂಕ ಸುಮಾರು 54 ಟನ್!

ಬಟ್ಟೆಗೂ ವಯಸ್ಸಾಗುತ್ತದೆ. ಬಣ್ಣ ಮಾಸುತ್ತದೆ. ದಾರ ಸವೆಯುತ್ತದೆ. ಅದಕ್ಕೇ ಹರಿದಲ್ಲಿ ಮತ್ತೆ ಹೊಲಿಗೆ ಹಾಕುತ್ತಾರೆ. ನೆನಪಿಗೂ ಹಾಗೆ ಆಗಾಗ ಹೊಲಿಗೆ ಬೇಕು.

ನಾವು ತಿಳಿಯಬೇಕಾದ್ದು

ಏಡ್ಸ್ ತರುವ ರೋಗಾಣುವಿನ ಹೆಸರು ಎಚ್ಐವಿ. ಮುಟ್ಟಿದರೆ ಅದು ಅಂಟೋದಿಲ್ಲ. ಜೊತೆಗೆ ಕೂತು ಉಂಡರೆ ಅಂಟೋದಿಲ್ಲ. ಒಂದೇ ಕೌದಿ ಹೊದ್ದು ಮಲಗಿದರೂ ಅಂಟೋದಿಲ್ಲ. ಸೋಂಕು ಇರುವವರ ಜೊತೆ ನಿರೋಧ್ ಇಲ್ಲದೆ ಕೂಡಿದರೆ, ಸೋಂಕಿನ ರಕ್ತದಿಂದ, ಒಬ್ಬರಿಗೆ ಚುಚ್ಚಿದ ಸೂಜಿಯಿಂದ, ತಾಯಿಯಿಂದ ಮಗುವಿಗೆ ಬರಬಹುದು. ರೋಗವನ್ನು ಪೂರ್ತಿ ಕಳೆಯುವ ಔಷಧಿ ಸಿಕ್ಕಿಲ್ಲ. ಆದರೆ ದಿನಾ ಮಾತ್ರೆ ತಗೊಂಡರೆ ಬಹಳ ವರ್ಷ ಚೆನ್ನಾಗಿ ಬಾಳಬಹುದು. ಬಸುರಿ ಹೆಂಗಸು ಮಾತ್ರೆ ತಗೊಂಡರೆ ಮಗುವನ್ನೂ ಕಾಪಾಡಬಹುದು. ನಮ್ಮ ದೇಶದ ಸರಕಾರಿ ಆಸ್ಪತ್ರೆಗಳಲ್ಲಿ 2004ರಿಂದ ಈ ಮಾತ್ರೆ ಪುಕ್ಕಟೆ ಕೊಡುತ್ತಾರೆ. ಸೋಂಕು ಇದ್ದವರನ್ನು ಕೆಲಸದಿಂದ, ಶಾಲೆಯಿಂದ ಹೊರಗೆ ಹಾಕಬಾರದು ಅಂತ 2017ರಲ್ಲಿ ಕಾನೂನೂ ಆಗಿದೆ.

ಅಕ್ಷರ ಕಲಿಯುವಾಗ ನಾವು ಮೊದಲು ಬರೆಯೋದು ನಮ್ಮ ಹೆಸರು, ಹೌದಲ್ಲ? ಹೆಸರು ಅಂದರೆ ಮನುಷ್ಯನ ಮರ್ಯಾದೆ. ಯಾವ ರೋಗದಿಂದ ಸತ್ತರೂ ಆ ಮರ್ಯಾದೆ ಸಾಯಬಾರದು.

ಯೋಚಿಸಿ, ಬರೆಯಿರಿ

1. ಕೌದಿಯ ತುಂಡಿನ ಅಳತೆ ಎಷ್ಟು? ಯಾಕೆ?
2. ಎಚ್ಐವಿ ಯಾವುದರಿಂದ ಅಂಟೋದಿಲ್ಲ?
3. ನಿಮ್ಮ ಮನೆಯಲ್ಲಿ ತೀರಿಹೋದ ಒಬ್ಬರ ಹೆಸರು ಬರೆಯಿರಿ. ಅವರ ಬಗ್ಗೆ ಎರಡು ಸಾಲು ಬರೆಯಿರಿ.